ಚಾಂಪಿಯನ್ ಆಡಳಿತಕ್ಕೆ ಬಂದಾಗ: ಪ್ರಕಾಶ್ ಪಡುಕೋಣೆ ಅವರ ಎರಡನೆಯ ವೃತ್ತಿಜೀವನದ ಬಗ್ಗೆ ಒಂದು ಚರ್ಚೆ

ಶಟಲ್ ಬೆಳಗಾವಿ

ಪ್ರಕಾಶ್ ಪಡುಕೋಣೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಮಾತು 1980ರ ಮಾರ್ಚ್ ತಿಂಗಳಿಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಹಿಂದಿನ ಎರಡು ವರ್ಷ ಸತತವಾಗಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದಿದ್ದ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು ವೆಂಬ್ಲಿಯಲ್ಲಿ 15–3, 15–10ರಿಂದ ಮಣಿಸಿ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದದ್ದು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆದರೆ ರಾಕೆಟ್ ಕೆಳಗಿಟ್ಟ ಮೇಲೆ ಅವರು ಮೂರು ದಶಕಗಳ ಕಾಲ ಮಾಡುತ್ತ ಬಂದ ಸಂಘಟನೆಯ ಕೆಲಸದ ಬಗ್ಗೆ ನಮ್ಮ ಭಾಗದ ಬ್ಯಾಡ್ಮಿಂಟನ್ ವಲಯದಲ್ಲಿ ಗಂಭೀರವಾದ ಮಾತುಕತೆ ನಡೆದದ್ದು ನನಗಂತೂ ಕಾಣಿಸಿಲ್ಲ. ಈ ಚರ್ಚೆಯನ್ನು ಆರಂಭಿಸುತ್ತಿರುವುದು ಅದಕ್ಕಾಗಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಘಟಕರಾಗಿ ಅವರು ಮಾಡಿದ ಕೆಲಸ ಆಟಗಾರರಾಗಿ ಮಾಡಿದ ಸಾಧನೆಗಿಂತ ಒಂದು ಕೈ ಮೇಲು.

ಆಡಳಿತ ಅವರಿಗೆ ಮನೆಯಲ್ಲಿಯೇ ಬಂದ ವಿದ್ಯೆ ಎಂಬುದನ್ನು ನಾವು ಮರೆಯಬಾರದು. ತಂದೆ ರಮೇಶ್ ಪಡುಕೋಣೆ ಅವರು ಅಂದಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಅನೇಕ ವರ್ಷ ದುಡಿದವರು. ಮಗ ಆಡಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಜಾಗ. ಮದುವೆ ಇದ್ದ ದಿನ ಆಟವಿಲ್ಲ. ಶಾಲೆ ಮುಗಿಸಿ ಬಂದ ಹುಡುಗರು ಈ ಹೊತ್ತು ಒಳಗೆ ಸಮಾರಂಭವಿದೆಯೋ ಇಲ್ಲವೋ ಎಂದು ಮೊದಲು ನೋಡಿಕೊಂಡು, ಇಲ್ಲವೆಂದಾದರೆ ಓಡಿಹೋಗಿ ಆಡುತ್ತಿದ್ದರು. 1971ರಿಂದ 1979ರವರೆಗೆ ಸತತ 9 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವರ ಆರಂಭ ಇದು. ನಂತರ 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ, 1980ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್ ಪ್ರಶಸ್ತಿಗಳು, 1981ರಲ್ಲಿ ಕ್ವಾಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು 15–0, 18–16ರಿಂದ ಸೋಲಿಸಿ ಗೆದ್ದ ವಿಶ್ವಕಪ್, 1983ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಬಂದವು.

ಅವರ ಆಟದ ಗುಣವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಸಂಘಟಕರಾಗಿ ಅವರು ನಡೆದುಕೊಂಡ ರೀತಿಯ ಮೂಲ ಅಲ್ಲಿದೆ ಎಂದು ನಾನು ನಂಬುತ್ತೇನೆ. ಆಗಿನ ಪದ್ಧತಿಯಲ್ಲಿ ಸರ್ವ್ ಮಾಡಿದವರಿಗೆ ಮಾತ್ರ ಅಂಕ ಸಿಗುತ್ತಿತ್ತು. ರ‍್ಯಾಲಿ ಗೆದ್ದರೂ ಸರ್ವ್ ಎದುರಾಳಿಯದಾಗಿದ್ದರೆ ಸರ್ವ್ ಕೈಗೆ ಬರುತ್ತಿತ್ತೇ ಹೊರತು ಅಂಕ ಏರುತ್ತಿರಲಿಲ್ಲ. ಕಿಂಗ್ ಅವರ ಜಂಪ್ ಸ್ಮ್ಯಾಶ್‌ಗೆ ಬಲದಿಂದ ಉತ್ತರ ಕೊಡುವ ಗೋಜಿಗೆ ಪ್ರಕಾಶ್ ಹೋಗಲಿಲ್ಲ. ನೆಟ್ ಹತ್ತಿರ ರಾಕೆಟ್ಟನ್ನು ಕೊನೆಯ ಗಳಿಗೆಯವರೆಗೂ ತಡೆದು ಹಿಡಿಯುವುದು, ಎದುರಾಳಿ ಮುಂದೆ ಹೆಜ್ಜೆ ಇಟ್ಟ ಕ್ಷಣ ಮಣಿಕಟ್ಟನ್ನು ತುಸುವೇ ತಿರುಗಿಸಿ ಶಟಲನ್ನು ಹಿಂದಿನ ಗೆರೆಗೆ ಕಳುಹಿಸುವುದು, ಸ್ಮ್ಯಾಶ್ ಎಂದು ಕಂಡದ್ದನ್ನು ಅರ್ಧ ವೇಗದಲ್ಲಿ ಪಕ್ಕದ ಗೆರೆಗೆ ಇಳಿಸುವುದು ಅವರ ಕ್ರಮವಾಗಿತ್ತು. ಎದುರಾಳಿಗೆ ಸ್ಮ್ಯಾಶ್ ಹೊಡೆಯಲು ಬೇಕಾದ ಎತ್ತರವೇ ಸಿಗದಂತೆ ಅವರು ಆಟವನ್ನು ಕಟ್ಟುತ್ತಿದ್ದರು.

ಆಟದಿಂದ ನಿವೃತ್ತರಾದ ನಂತರ ಅವರು ಅಲ್ಪಕಾಲ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಚೇರ್ಮನ್ ಆಗಿದ್ದರು. 1993ರಿಂದ 1996ರವರೆಗೆ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದರು. 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಅವರೊಡಗೂಡಿ ಬೆಂಗಳೂರಿನಲ್ಲಿ ಅಕಾಡೆಮಿ ಸ್ಥಾಪಿಸಿದರು. ಖಾಸಗಿ ಕಂಪನಿಯೊಂದರ ನೆರವಿನಿಂದ ಮಕ್ಕಳಿಗೆ ತರಬೇತಿ, ವಸತಿ, ಊಟ, ಪಂದ್ಯಗಳ ಪ್ರಯಾಣ ಎಲ್ಲವನ್ನೂ ಒಂದೇ ಸೂರಿನಡಿ ತರುವುದು ಆ ಕಾಲಕ್ಕೆ ನಮ್ಮ ದೇಶದ ಬ್ಯಾಡ್ಮಿಂಟನ್‌ನಲ್ಲಿ ಹೊಸ ವಿಚಾರ. ಪುಲ್ಲೇಲ ಗೋಪಿಚಂದ್ ಅವರು ಬೆಳೆಯುವ ವರ್ಷಗಳಲ್ಲಿ ಆ ಗರಡಿಯಲ್ಲಿ ಪಳಗಿದರು. 2001ರಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15–12, 15–6ರಿಂದ ಸೋಲಿಸಿ ಅವರು ಆಲ್ ಇಂಗ್ಲೆಂಡ್ ಗೆದ್ದಾಗ ಪ್ರಕಾಶ್ ಅವರ ಗೆಲುವಿಗೆ 21 ವರ್ಷ ತುಂಬಿತ್ತು. ಅದೇ 2001ರಲ್ಲಿ ಪ್ರಕಾಶ್ ಅವರು ಬಿಲಿಯರ್ಡ್ಸ್ ಚಾಂಪಿಯನ್ ಗೀತ್ ಸೇಠಿ ಅವರೊಂದಿಗೆ ಸೇರಿ, ಆಟಗಾರರಿಗೆ ನೆರವು ನೀಡುವ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಇವುಗಳಲ್ಲಿ ಚುನಾವಣೆ ಗೆದ್ದು ಕುಳಿತ ಕುರ್ಚಿಯಿಂದ ಆದ ಕೆಲಸ ಎಷ್ಟು, ಕುರ್ಚಿಯ ಹೊರಗೆ ನಿಂತು ಮಾಡಿದ ಕೆಲಸ ಎಷ್ಟು ಎಂದು ವಿಂಗಡಿಸಿ ನೋಡಿದರೆ ಎರಡನೆಯ ಪಾಲೇ ಬಹುತೇಕ ಎಲ್ಲವೂ. ನಮ್ಮ ದೇಶದ ಕ್ರೀಡಾ ಆಡಳಿತದ ಬಗ್ಗೆ ಇದು ಏನು ಹೇಳುತ್ತದೆ ಎಂಬುದು ನನ್ನ ಪ್ರಶ್ನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸ್ನೇಹಿತರು ತಮ್ಮ ಅನುಭವದ ಹಿನ್ನೆಲೆಯಲ್ಲಿ ಉತ್ತರಿಸಬೇಕೆಂದು ವಿನಂತಿ.

ಗುಮ್ಮಟನಗರಿ

ಸರ್, ಪ್ರಕಾಶ್ ಅವರ ಆಟದ ಬಗ್ಗೆ ನೀವು ಬರೆದದ್ದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ಆದರೆ ಅಕಾಡೆಮಿ ಕಟ್ಟುವುದನ್ನು ಆಡಳಿತ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಅಕಾಡೆಮಿಗೆ ತನ್ನ ಮಕ್ಕಳನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಆಡಳಿತಕ್ಕೆ ಆ ಸ್ವಾತಂತ್ರ್ಯವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ರಾಕೆಟ್ ಹಿಡಿದ ಪ್ರತಿಯೊಂದು ಮಗುವೂ ಅದರ ಹೊಣೆ. ಆ ಹೊಣೆಯನ್ನು ಹೊರಬೇಕಾದದ್ದು ರಾಜ್ಯ ಮತ್ತು ಜಿಲ್ಲಾ ಸಂಸ್ಥೆಗಳು, ಮತ್ತು ಆ ಸಂಸ್ಥೆಗಳ ಕುರ್ಚಿಗಳಲ್ಲಿ ಆಟ ಬಲ್ಲವರು ಕೂರದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ದಿನವೂ ನೋಡುತ್ತಿದ್ದೇವೆ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ನಮ್ಮ ವಿಜಯಪುರದ ಬೇಸಿಗೆಯ ಒಣ ಗಾಳಿಯಲ್ಲಿ ಗರಿ ಶಟಲ್ ಬೇಗ ಮುರಿಯುತ್ತದೆ. ಬಿಸಿ ಗಾಳಿ ತೆಳುವಾಗಿರುವುದರಿಂದ ಶಟಲ್ ದೂರವೂ ಹೋಗುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ಸರಿಯಾಗಿ ಬೀಳುವ ಅದೇ ಶಟಲ್ ಏಪ್ರಿಲ್ ತಿಂಗಳಿನಲ್ಲಿ ನಮ್ಮಲ್ಲಿ ಗೆರೆ ದಾಟುತ್ತದೆ. ಆದ್ದರಿಂದ ಇಲ್ಲಿಗೆ ಕಡಿಮೆ ವೇಗದ ಸಂಖ್ಯೆಯ ಶಟಲ್ ಬೇಕು. ಆಟವಾಡಿದ ಹಿರಿಯರು ಹಿಂದಿನ ರಾತ್ರಿಯೇ ಡಬ್ಬಿಯ ಎರಡೂ ಮುಚ್ಚಳ ತೆಗೆದು, ಕುದಿಯುವ ನೀರಿನ ಹಬೆಯ ಮೇಲೆ ಕೆಲವೇ ಕ್ಷಣ ಹಿಡಿದು, ಗರಿಗಳು ತೇವ ಹೀರಿಕೊಂಡ ಮೇಲೆ ಮುಚ್ಚಿ ಇಡುತ್ತಾರೆ. ಮರುದಿನ ಅದೇ ಶಟಲ್ ಹೆಚ್ಚು ಹೊತ್ತು ಬಾಳುತ್ತದೆ. ನಿಯಮದ ಪ್ರಕಾರ ಪಂದ್ಯಕ್ಕೆ ಮುನ್ನ ಹಿಂದಿನ ಗೆರೆಯಿಂದ ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ ಹೊಡೆದಾಗ ಶಟಲ್ ಎದುರಿನ ಹಿಂದಿನ ಗೆರೆಗಿಂತ 530ರಿಂದ 990 ಮಿ.ಮೀ. ಒಳಗೆ ಬೀಳಬೇಕು. ನಾನು ನೋಡಿದ ಸ್ಥಳೀಯ ಪಂದ್ಯಾವಳಿಯೊಂದರಲ್ಲಿ ಈ ಪರೀಕ್ಷೆಯನ್ನೇ ಮಾಡಿರಲಿಲ್ಲ. ಎತ್ತರಕ್ಕೆ ಎತ್ತಿ ಹಿಂದಕ್ಕೆ ಕಳುಹಿಸಿದ ಪ್ರತಿ ಹೊಡೆತವೂ ಹೊರಗೆ ಹೋಗುತ್ತಿದ್ದುದನ್ನು ಕಂಡ ಮಕ್ಕಳು ತಮ್ಮ ಕೈಯೇ ಕೆಟ್ಟಿತೆಂದು ತಿಳಿದು, ಅರ್ಧ ಬಲದಲ್ಲಿ ಆಡಿ ಸೋತರು. ಒಬ್ಬ ಒಳ್ಳೆಯ ಆಟಗಾರ ಸಂಘಟನಾ ಸಮಿತಿಯಲ್ಲಿದ್ದರೂ ಸಾಕಿತ್ತು, ಐದು ನಿಮಿಷದಲ್ಲಿ ಇದು ಸರಿಹೋಗುತ್ತಿತ್ತು.

ಪ್ರಕಾಶ್ ಅವರಂಥವರು ಕುರ್ಚಿಯನ್ನು ಬಿಟ್ಟು ಅಕಾಡೆಮಿಗೆ ಹೋದಾಗ ಬೆಂಗಳೂರಿಗೆ ಲಾಭವಾಯಿತು. 500 ಕಿಲೋಮೀಟರ್ ಆಚೆಯ ನಮಗೆ ಆದ ಲಾಭವೇನು ಎಂದು ಕೇಳುವ ಹಕ್ಕು ನಮಗಿದೆ.

ನವನಗರದ ತಂದೆ

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಮಗಳು 13 ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾಳೆ. ಕೆನರಾ ಯೂನಿಯನ್ ಸಭಾಂಗಣದ ವಿಷಯವನ್ನು ಓದಿ ಅವಳಿಗೂ ಓದಿಸಿದೆ, ಏಕೆಂದರೆ ನಮ್ಮಲ್ಲಿಯೂ ಲಗ್ನದ ಹಂಗಾಮಿನಲ್ಲಿ ಇದೇ ಪರಿಸ್ಥಿತಿ. ನೆಲ ಶಹಾಬಾದ್ ಕಲ್ಲಿನದು, ಮೊಣಕಾಲಿಗೆ ಒಳ್ಳೆಯದಲ್ಲ. ದೀಪಗಳು ಕೋರ್ಟಿನ ಹಿಂಬದಿಗೇ ಇರುವುದರಿಂದ ಎತ್ತರಕ್ಕೆ ಬಂದ ಶಟಲ್ ಬೆಳಕಿನಲ್ಲಿ ಮಾಯವಾಗುತ್ತದೆ.

ಗುಮ್ಮಟನಗರಿ ಅವರ ಮಾತು ನನಗೆ ಒಪ್ಪಿಗೆಯಾಗುತ್ತದೆ, ಆದರೆ ಬೆಂಗಳೂರಿನ ಅಕಾಡೆಮಿಯಿಂದ ನಮಗೆ ಏನೂ ಆಗಲಿಲ್ಲ ಎಂದು ಹೇಳಲಾರೆ. ಕರ್ನಾಟಕದ ನೆಲದಲ್ಲಿ ಕುಳಿತು ವಿಶ್ವಮಟ್ಟದ ಆಟ ಕಲಿಯಬಹುದೆಂಬ ನಂಬಿಕೆ ಇರದಿದ್ದರೆ ನನ್ನಂಥ ನೌಕರ ಮನುಷ್ಯ ಮಗಳಿಗೆ ರಾಕೆಟ್ ಕೊಡಿಸುವ ಧೈರ್ಯವನ್ನೇ ಮಾಡುತ್ತಿರಲಿಲ್ಲ. ತಿಳಿದವರು ಒಂದು ವಿಷಯ ಹೇಳಬೇಕು. ದೊಡ್ಡ ಆಟಗಾರರಾಗಿದ್ದು, ನಂತರ ನಿಜವಾಗಿಯೂ ಸಂಸ್ಥೆಯ ಅಧ್ಯಕ್ಷಗಿರಿಯನ್ನು ದೀರ್ಘಕಾಲ ನಡೆಸಿದವರು ಈ ಆಟದಲ್ಲಿ ಯಾರಾದರೂ ಇದ್ದಾರೆಯೇ? ಅವರು ಆಟಗಾರರಾಗಿದ್ದ ಕಾರಣಕ್ಕೆ ಏನಾದರೂ ಬದಲಾಯಿತೇ?

ಹಳೆಯ ಅಂಪೈರ್, ಟಿಳಕವಾಡಿ

ನವನಗರದ ಸಹೋದರರ ಪ್ರಶ್ನೆಗೆ ಉತ್ತರವಿದೆ, ಮತ್ತು ಅದು ಈ ಆಟದ ಜಾಗತಿಕ ಸಂಸ್ಥೆಯ ಹುಟ್ಟಿನಿಂದಲೇ ಆರಂಭವಾಗುತ್ತದೆ.

ಇಂಗ್ಲೆಂಡಿನ ಸರ್ ಜಾರ್ಜ್ ಥಾಮಸ್ 1903ರಿಂದ 1928ರ ನಡುವೆ ಒಟ್ಟು 21 ಆಲ್ ಇಂಗ್ಲೆಂಡ್ ಪ್ರಶಸ್ತಿಗಳನ್ನು ಗೆದ್ದರು. ಅದರಲ್ಲಿ 1920ರಿಂದ 1923ರವರೆಗಿನ ನಾಲ್ಕು ಸಿಂಗಲ್ಸ್ ಪ್ರಶಸ್ತಿಗಳೂ ಸೇರಿವೆ. ಚದುರಂಗದಲ್ಲಿಯೂ ಅವರು ಎರಡು ಬಾರಿ ಬ್ರಿಟಿಷ್ ಚಾಂಪಿಯನ್. 1934ರಲ್ಲಿ ಒಂಬತ್ತು ಸದಸ್ಯ ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಒಕ್ಕೂಟವನ್ನು ಸ್ಥಾಪಿಸಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು, 1955ರವರೆಗೆ ಮುಂದುವರಿದರು. ಪುರುಷರ ತಂಡಗಳಿಗೆ ಒಂದು ವಿಶ್ವಮಟ್ಟದ ಸ್ಪರ್ಧೆ ಬೇಕೆಂದು ಯೋಚಿಸಿ ಕಪ್ ಕೊಟ್ಟವರೂ ಅವರೇ. ಮಹಾಯುದ್ಧದಿಂದಾಗಿ ತಡವಾಗಿ 1948–49ರಲ್ಲಿ ಮೊದಲ ಥಾಮಸ್ ಕಪ್ ನಡೆದಾಗ ಗೆದ್ದದ್ದು ಮಲಯ. 2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ 14 ಬಾರಿಯ ಚಾಂಪಿಯನ್ ಇಂಡೋನೇಷ್ಯಾವನ್ನು ನಮ್ಮ ಹುಡುಗರು 3–0ರಿಂದ ಸೋಲಿಸಿ ಎತ್ತಿದ್ದು ಅದೇ ಕಪ್. ಅಂದಿನ ಮೊದಲ ಪಂದ್ಯದಲ್ಲಿ ಗಿಂಟಿಂಗ್ ಎದುರು 8–21ರಿಂದ ಗೇಮ್ ಕಳೆದುಕೊಂಡು ನಂತರ 21–17, 21–16ರಿಂದ ಗೆದ್ದ ಲಕ್ಷ್ಯ ಸೇನ್ ಪ್ರಕಾಶ್ ಅವರ ಅಕಾಡೆಮಿಯಲ್ಲಿ ಬೆಳೆದವರು, ತಂಡದ ಜೊತೆಗಿದ್ದ ತರಬೇತುದಾರ ವಿಮಲ್ ಕುಮಾರ್ ಅದೇ ಅಕಾಡೆಮಿಯ ಸಹಸ್ಥಾಪಕರು. ಒಬ್ಬ ಚಾಂಪಿಯನ್ ಆಡಳಿತಗಾರ ಕೊಟ್ಟ ಕಪ್ಪನ್ನು ಇನ್ನೊಬ್ಬ ಚಾಂಪಿಯನ್ ಸಂಘಟಕ ಬೆಳೆಸಿದ ಹುಡುಗ ಗೆದ್ದು ತರುವಲ್ಲಿ ಪಾಲುದಾರನಾದದ್ದನ್ನು ನೋಡಿ ನನ್ನ ಕಣ್ಣು ತುಂಬಿ ಬಂದಿತ್ತು.

ನಮ್ಮ ಕಾಲದ ಉದಾಹರಣೆ ಡೆನ್ಮಾರ್ಕಿನ ಪೌಲ್-ಎರಿಕ್ ಹೋಯರ್. ಅವರು 1995 ಮತ್ತು 1996ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಚೀನಾದ ಡಾಂಗ್ ಜಿಯಾಂಗ್ ಅವರನ್ನು 15–12, 15–10ರಿಂದ ಸೋಲಿಸಿ ಚಿನ್ನ ಪಡೆದರು. ಪುರುಷರ ಸಿಂಗಲ್ಸ್‌ನಲ್ಲಿ ಯುರೋಪಿಗೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಯುರೋಪಿನ ಒಕ್ಕೂಟದ ಅಧ್ಯಕ್ಷರಾಗಿ ಕೆಲಸ ಕಲಿತು 2013ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ಅಧ್ಯಕ್ಷರಾದರು, 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಪಾರ್ಕಿನ್ಸನ್ ಕಾಯಿಲೆ ಇರುವುದನ್ನು 2023ರಲ್ಲಿ ತಾವೇ ಬಹಿರಂಗವಾಗಿ ತಿಳಿಸಿದ ಮೇಲೂ ಹೊಣೆ ನಿರ್ವಹಿಸಿ 2025ರಲ್ಲಿ ಸ್ಥಾನ ಬಿಟ್ಟುಕೊಟ್ಟರು.

ಅವರ ಅವಧಿಯ ಒಂದು ಬದಲಾವಣೆಯನ್ನು ಅಂಪೈರ್ ಆಗಿ ನಾನು ಹತ್ತಿರದಿಂದ ಬಲ್ಲೆ. ಮೊದಲು ಸರ್ವ್ ಮಾಡುವಾಗ ಶಟಲ್ ಸೊಂಟಕ್ಕಿಂತ ಕೆಳಗಿರಬೇಕೆಂಬ ನಿಯಮವಿತ್ತು. ಸೊಂಟ ಎಂದರೆ ಎಲ್ಲಿ? ಕೊನೆಯ ಪಕ್ಕೆಲುಬಿನ ಕೆಳಗಿನ ಭಾಗದ ಮಟ್ಟಕ್ಕೆ ದೇಹದ ಸುತ್ತ ಒಂದು ಗೆರೆ ಎಂದು ಭಾವಿಸಿಕೊಳ್ಳಬೇಕಾಗಿತ್ತು. ಸಡಿಲವಾದ ಅಂಗಿ ತೊಟ್ಟ ಎತ್ತರದ ಆಟಗಾರನ ಪಕ್ಕೆಲುಬನ್ನು ಸರ್ವಿಸ್ ಜಡ್ಜ್ ತಾನು ಕುಳಿತ ಕುರ್ಚಿಯಿಂದ ಹೇಗೆ ಅಳೆಯಬೇಕು? ಒಬ್ಬರು ತಪ್ಪೆಂದ ಸರ್ವ್ ಇನ್ನೊಬ್ಬರ ಕಣ್ಣಿಗೆ ಸರಿಯಾಗಿರುತ್ತಿತ್ತು, ಜಗಳ ನಿಲ್ಲುತ್ತಿರಲಿಲ್ಲ. 2018ರಲ್ಲಿ ನೆಲದಿಂದ 1.15 ಮೀಟರ್ ಎಂಬ ಸ್ಥಿರ ಎತ್ತರ ಬಂತು. ಗೆರೆ ಎಳೆದ ಎರಡು ಪಾರದರ್ಶಕ ಫಲಕಗಳ ಉಪಕರಣವನ್ನು ಮುಂದಿಟ್ಟುಕೊಂಡು, ಎರಡೂ ಗೆರೆಗಳು ಕಣ್ಣಿಗೆ ಒಂದಾಗುವಂತೆ ನೋಡಿದರೆ ಶಟಲ್ ಮೇಲಿದೆಯೋ ಕೆಳಗಿದೆಯೋ ತಿಳಿಯುತ್ತದೆ. ಬಹಳ ಎತ್ತರದ ಆಟಗಾರರು ಇದನ್ನು ಕಟುವಾಗಿ ವಿರೋಧಿಸಿದರು, ಅದರಲ್ಲಿ ಹುರುಳೂ ಇತ್ತು. ಆದರೂ ಅಂಪೈರ್‌ಗಳ ಮೇಲಿದ್ದ ಅನುಮಾನವನ್ನು ತೆಗೆದ ನಿಯಮವಿದು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಅದೇ ಹೋಯರ್ ಅವರು ಬಯಸಿದ ಇನ್ನೊಂದು ಬದಲಾವಣೆ, ಅಂದರೆ 11 ಅಂಕಗಳ ಐದು ಗೇಮ್‌ಗಳ ಪದ್ಧತಿ, 2018ರಲ್ಲಿಯೂ 2021ರಲ್ಲಿಯೂ ಬಿದ್ದುಹೋಯಿತು. ಎರಡನೆಯ ಸಲ ಶೇ. 66.31ರಷ್ಟು ಮತಗಳು ಬಂದಿದ್ದವು, ಬೇಕಾಗಿದ್ದದ್ದು ಮೂರನೇ ಎರಡು ಭಾಗ, ಕೂದಲೆಳೆಯಲ್ಲಿ ತಪ್ಪಿತು. ಒಲಿಂಪಿಕ್ ಚಾಂಪಿಯನ್ ಎಂಬ ಕಾರಣಕ್ಕೆ ಸದಸ್ಯ ದೇಶಗಳು ಅವರ ಮಾತಿಗೆ ತಲೆದೂಗಲಿಲ್ಲ, ಅವರೂ ಅಡ್ಡದಾರಿ ಹಿಡಿಯದೆ ಮತದ ತೀರ್ಪಿಗೆ ಬದ್ಧರಾದರು. ಇದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಕ್ಯಾಂಪ್ ಓದುಗಿ

ಅಂಪೈರ್ ಗುರುಗಳಿಗೆ ನಮಸ್ಕಾರ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವಳಾಗಿ ನನ್ನ ಎರಡು ಮಾತು.

ಪ್ರಕಾಶ್ ಅವರ ಕೆಲಸದಲ್ಲಿ ಹೆಣ್ಣುಮಕ್ಕಳ ಪಾಲನ್ನು ಯಾರೂ ಪ್ರಸ್ತಾಪಿಸಲಿಲ್ಲ. ಮುಂಬೈಯ ಅಪರ್ಣಾ ಪೋಪಟ್ ಅವರು ಅಕಾಡೆಮಿ ಶುರುವಾದ ವರ್ಷವೇ ಬೆಂಗಳೂರಿಗೆ ಬಂದು ಅಲ್ಲಿ ಬೆಳೆದರು, 1998ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 2014ರಲ್ಲಿ ಸೈನಾ ನೆಹ್ವಾಲ್ ಅವರು ಹೈದರಾಬಾದ್ ಬಿಟ್ಟು ವಿಮಲ್ ಕುಮಾರ್ ಅವರ ಬಳಿಗೆ ಬೆಂಗಳೂರಿಗೆ ಬಂದರು, ಮರು ವರ್ಷ ವಿಶ್ವದ ಮೊದಲ ಸ್ಥಾನಕ್ಕೇರಿದರು. ತಂದೆತಾಯಿ ಹದಿಹರೆಯದ ಮಗಳನ್ನು ಬೇರೆ ಊರಿಗೆ ಕಳುಹಿಸುವಾಗ ಮೊದಲು ನೋಡುವುದು ಆಟದ ಗುಣಮಟ್ಟವನ್ನಲ್ಲ, ಅಲ್ಲಿರುವವರ ಮೇಲಿನ ವಿಶ್ವಾಸವನ್ನು. ಆ ವಿಶ್ವಾಸವನ್ನು ಗಳಿಸಿ ಉಳಿಸಿಕೊಂಡದ್ದು ಯಾವ ಪದಾಧಿಕಾರಕ್ಕೂ ಕಡಿಮೆಯಾದ ಆಡಳಿತವಲ್ಲ.

ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಬಗ್ಗೆಯೂ ಮೊದಲ ಬರಹದಲ್ಲಿ ಒಂದೇ ಸಾಲು ಬಂತು, ಅದು ಸಾಲದು. ಒಬ್ಬ ಶಟಲ್ ಆಟಗಾರ ಮತ್ತು ಒಬ್ಬ ಬಿಲಿಯರ್ಡ್ಸ್ ಆಟಗಾರ ಸೇರಿ ತಮ್ಮ ಆಟಗಳಿಗೆ ಮಾತ್ರ ಹಣ ಕೂಡಿಸಲಿಲ್ಲ. ಶೂಟಿಂಗ್, ಬಾಕ್ಸಿಂಗ್, ಕುಸ್ತಿಯಂಥ ಆಟಗಳವರಿಗೆ ಫಿಸಿಯೋಥೆರಪಿಸ್ಟ್, ವಿದೇಶಿ ತರಬೇತಿ, ಮದ್ದುಗುಂಡು, ಉಪಕರಣ ಎಲ್ಲವನ್ನೂ ಒದಗಿಸುವ ವ್ಯವಸ್ಥೆ ಮಾಡಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ 6 ಪದಕಗಳಲ್ಲಿ ಸೈನಾ ನೆಹ್ವಾಲ್, ಮೇರಿ ಕೋಮ್, ಗಗನ್ ನಾರಂಗ್ ಮತ್ತು ವಿಜಯ್ ಕುಮಾರ್ ಅವರ 4 ಪದಕಗಳ ಹಿಂದೆ ಈ ಸಂಸ್ಥೆಯ ನೆರವಿತ್ತು. ಆಟಗಾರರು ಕೇಳಿದ್ದನ್ನು ಕೇಳಿದ ಹೊತ್ತಿಗೆ ಕೊಡಬೇಕು ಎಂಬುದನ್ನು ಆಡಿದವರಷ್ಟು ಚೆನ್ನಾಗಿ ಬೇರೆ ಯಾರು ಬಲ್ಲರು? ನೋವಿಗೆ ಔಷಧಿಯ ಮಂಜೂರಾತಿ ಪಂದ್ಯ ಮುಗಿದ ಮೇಲೆ ಬಂದರೆ ಅದರಿಂದ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಾಂಪಿಯನ್‌ಗಳನ್ನು ಕುರ್ಚಿಗೆ ತರಬೇಕೆಂದು ನಾವೆಲ್ಲ ಒತ್ತಾಯಿಸುತ್ತೇವೆ. ಆದರೆ ಅಕಾಡೆಮಿ ನಡೆಸುವವರೇ ತಂಡವನ್ನು ಆರಿಸುವ ಸಮಿತಿಯಲ್ಲಿ ಕುಳಿತರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಹೊರಗುಳಿದ ಮಗುವಿನ ಮನೆಯವರು ನಂಬುವುದಿಲ್ಲ. ಯಾರ ಮೇಲೂ ಆರೋಪ ಮಾಡುತ್ತಿಲ್ಲ. ವ್ಯವಸ್ಥೆಯಲ್ಲಿ ಈ ಎರಡೂ ಕೆಲಸಗಳ ನಡುವೆ ಗೋಡೆ ಇರಬೇಕು ಎನ್ನುವುದಷ್ಟೇ ನನ್ನ ಮಾತು.

ಶಟಲ್ ಬೆಳಗಾವಿ

ಎಲ್ಲರ ಬರಹಗಳನ್ನೂ ಓದಿದೆ. ಕ್ಯಾಂಪಿನ ಅಕ್ಕನವರು ಎತ್ತಿದ ಗೋಡೆಯ ಪ್ರಶ್ನೆ ಸರಿಯಾಗಿದೆ, ಮತ್ತು ಪ್ರಕಾಶ್ ಅವರು ಪದವಿಗಳಿಂದ ದೂರ ಉಳಿದದ್ದೂ ಅವರ ಅಕಾಡೆಮಿಗೆ ದೊರೆತ ಗೌರವಕ್ಕೆ ಒಂದು ಕಾರಣವಿರಬಹುದು ಎಂದು ನನಗೀಗ ಅನಿಸುತ್ತಿದೆ.

1990ರ ದಶಕದ ಉತ್ತರಾರ್ಧದಲ್ಲಿ ರಾಷ್ಟ್ರೀಯ ಸಂಸ್ಥೆಯ ಅಂದಿನ ನಾಯಕತ್ವಕ್ಕೂ ಪ್ರಕಾಶ್ ಮತ್ತು ಅವರ ಜೊತೆಗಿದ್ದ ಆಟಗಾರರಿಗೂ ತೀವ್ರವಾದ ಭಿನ್ನಾಭಿಪ್ರಾಯ ತಲೆದೋರಿತ್ತು. ಅದರ ಒಳವಿವರಗಳಿಗೆ ಹೋಗುವುದು ಬೇಡ. ನಾನು ಗಮನಿಸಿದ್ದು ಇಷ್ಟು: ಜಗಳದ ವರ್ಷಗಳಲ್ಲಿಯೂ ಅಕಾಡೆಮಿಯ ಬೆಳಗಿನ ಅಭ್ಯಾಸ ನಿಲ್ಲಲಿಲ್ಲ. ನಮ್ಮ ಸಂಘಗಳಲ್ಲಿ ಎರಡು ಬಣಗಳಾದ ಕೂಡಲೇ ಮೊದಲು ನಿಲ್ಲುವುದು ಮಕ್ಕಳ ಪಂದ್ಯಾವಳಿ. ಪದಾಧಿಕಾರಿಗಳು ನ್ಯಾಯಾಲಯಕ್ಕೆ ಅಲೆಯುತ್ತಿದ್ದರೆ 15 ವರ್ಷದೊಳಗಿನ ವಿಭಾಗದ ಹುಡುಗನಿಗೆ ವಯಸ್ಸು ಮೀರಿ ಹೋಗುತ್ತದೆ, ಆ ವರ್ಷವನ್ನು ಅವನಿಗೆ ಯಾರೂ ಮರಳಿಸಲಾರರು. ಕಿಂಗ್ ಅವರ ಸ್ಮ್ಯಾಶ್‌ಗೆ ಬಲದಿಂದ ಉತ್ತರಿಸದೆ ಆಟದ ಜಾಗವನ್ನೇ ಬದಲಿಸಿದ ಮನುಷ್ಯ ಇಲ್ಲಿಯೂ ಅದನ್ನೇ ಮಾಡಿದರು ಎಂಬುದು ನನ್ನ ನಿಲುವು.

ಹಾಗೆಂದು ಗುಮ್ಮಟನಗರಿ ಅವರ ಆಕ್ಷೇಪ ಬಿದ್ದುಹೋಗುವುದಿಲ್ಲ. ಲಕ್ಷ್ಯ ಸೇನ್ ಅವರನ್ನೇ ನೋಡಿ. ಅವರು ಬೆಂಗಳೂರಿಗೆ ಬಂದದ್ದು ಉತ್ತರಾಖಂಡದ ಗುಡ್ಡಗಾಡಿನ ಅಲ್ಮೋರಾದಿಂದ. ಅಲ್ಲಿ ತಂದೆ ಡಿ.ಕೆ. ಸೇನ್ ಅವರೇ ತರಬೇತುದಾರರು, ಅಜ್ಜನೂ ಆಟದವರು. ರಾಕೆಟ್ ಹಿಡಿಯುವುದನ್ನು ಸರಿಯಾಗಿ ಕಲಿತ ಮಗು ಬಂದದ್ದರಿಂದ ಅಕಾಡೆಮಿ ಮುಂದಿನದನ್ನು ಕಲಿಸಿತು. ಊರಿನಲ್ಲಿ ಮೊದಲ ಐದು ವರ್ಷ ತಪ್ಪು ಹಿಡಿತದಲ್ಲಿ ಆಡಿದ ಮಗುವನ್ನು ಯಾವ ಅಕಾಡೆಮಿಯೂ ತಿದ್ದಲಾರದು. ಬೀಜ ಊರಿನಲ್ಲಿಯೇ ಮೊಳೆಯಬೇಕು, ಬೆಂಗಳೂರಿನಲ್ಲಿ ನಾಟಿ ಮಾಡಬಹುದು ಅಷ್ಟೇ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಕಂಚಿನ ಪಂದ್ಯದಲ್ಲಿ ಸೋತಾಗ, ಮಾರ್ಗದರ್ಶಕರಾಗಿ ಜೊತೆಗಿದ್ದ ಪ್ರಕಾಶ್ ಅವರು ಸೌಲಭ್ಯಗಳೆಲ್ಲ ಸಿಕ್ಕ ಮೇಲೆ ಆಟಗಾರರೂ ಹೊಣೆ ಹೊರಬೇಕು ಎಂಬ ಅರ್ಥದಲ್ಲಿ ಬಹಿರಂಗವಾಗಿ ಮಾತನಾಡಿದರು. ಹಲವರಿಗೆ ಅದು ಕಠಿಣವೆನಿಸಿತು. ಸೋತ ಗಳಿಗೆಯಲ್ಲಿ ಆ ಮಾತು ಬೇಕಿರಲಿಲ್ಲ ಎನ್ನುವವರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಮದುವೆ ಮಂಟಪದಲ್ಲಿ ಕಲಿತು, ನಂತರ ಡೆನ್ಮಾರ್ಕಿಗೆ ಹೋಗಿ ಅಲ್ಲಿನವರೊಡನೆ ಅಭ್ಯಾಸ ಮಾಡಿ ಮೇಲೆ ಬಂದವರಿಗೆ ಹಾಗೆ ಹೇಳುವ ಅಧಿಕಾರವಿತ್ತು. ಸಾಮಾನ್ಯವಾಗಿ ಪದಾಧಿಕಾರಿಗಳು ಅಂಥ ಹೊತ್ತಿನಲ್ಲಿ ಮೃದುವಾದ ಹೇಳಿಕೆ ಕೊಟ್ಟು ಜಾಗ ಖಾಲಿ ಮಾಡುತ್ತಾರೆ.

2025ರಲ್ಲಿ ಸಂಸತ್ತು ಅಂಗೀಕರಿಸಿದ ಕ್ರೀಡಾ ಆಡಳಿತ ಕಾಯ್ದೆಯು ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಸಾಧಕ ಆಟಗಾರರಿಗೆ ಸ್ಥಾನ ಇರಲೇಬೇಕೆಂದು ಹೇಳುತ್ತದೆ. ಒಳ್ಳೆಯದಾಯಿತು. ಆದರೆ ಜಿಲ್ಲೆಯ ಮಟ್ಟದಲ್ಲಿ ಇದನ್ನು ಕಾಯ್ದೆಯಿಂದ ಕಾಯುವ ಅಗತ್ಯವಿಲ್ಲ, ನಾವೇ ಮಾಡಿಕೊಳ್ಳಬಹುದು.

ಗುಮ್ಮಟನಗರಿ

ಸರ್, ನಿಮ್ಮ ಕೊನೆಯ ಸಾಲನ್ನು ಹಿಡಿದೇ ಮುಂದುವರಿಸುತ್ತೇನೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ರಾಜ್ಯಮಟ್ಟದಲ್ಲಿ ಆಡಿ ಈಗ ಬ್ಯಾಂಕು, ಶಾಲೆ, ವಿದ್ಯುತ್ ಇಲಾಖೆಗಳಲ್ಲಿ ನೌಕರಿಯಲ್ಲಿರುವವರು ಸಾಕಷ್ಟು ಜನರಿದ್ದಾರೆ. ಪ್ರಕಾಶ್ ಅವರೂ ಬ್ಯಾಂಕ್ ನೌಕರರಾಗಿದ್ದವರೇ. ಇವರನ್ನು ಯಾರೂ ಕರೆಯುವುದಿಲ್ಲ. ಕರೆದರೂ ಬಹುಮಾನ ಹಂಚುವಾಗ ಶಾಲು ಹೊದಿಸಲು ಕರೆಯುತ್ತಾರೆ. ನನ್ನ ಬೇಡಿಕೆ ಸ್ಪಷ್ಟವಾಗಿದೆ: ಡ್ರಾ ಹಾಕುವ ಮೇಜಿನ ಬಳಿ ಮತ್ತು ಶಟಲ್ ಪರೀಕ್ಷಿಸುವ ಹೊತ್ತಿನಲ್ಲಿ ಇವರಲ್ಲೊಬ್ಬರು ಇರಬೇಕು. ಒಂದೇ ಮಗು 13 ಮತ್ತು 15 ವರ್ಷದೊಳಗಿನವರ ಎರಡೂ ವಿಭಾಗಗಳಲ್ಲಿ ಹೆಸರು ಕೊಟ್ಟಿದ್ದರೆ ಆ ಎರಡು ಪಂದ್ಯಗಳ ನಡುವೆ ಅರ್ಧ ಗಂಟೆಯಾದರೂ ಅಂತರವಿರಬೇಕು ಎಂಬುದು ಆಡಿದವರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಅಧ್ಯಕ್ಷರಾಗಿ ಯಾರೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ಪ್ರಕಾಶ್ ಅವರ ಬಗ್ಗೆ ನನ್ನ ಮೊದಲಿನ ಆಕ್ಷೇಪ ಹಾಗೆಯೇ ಇದೆ. ಅವರು ಇನ್ನೂ ಹತ್ತು ವರ್ಷ ಕುರ್ಚಿಯಲ್ಲಿದ್ದು ಹೋರಾಡಿದ್ದರೆ ಜಿಲ್ಲೆಗಳ ಸ್ವರೂಪ ಬೇರೆಯಾಗುತ್ತಿತ್ತು ಎಂದೇ ನಂಬಿದ್ದೇನೆ. ಆದರೆ ಅವರ ಅಕಾಡೆಮಿ ಇಲ್ಲದಿದ್ದರೆ 2001ರ ಗೆಲುವೂ 2022ರ ಕಪ್ಪೂ ಹೇಗೆ ಬರುತ್ತಿದ್ದವು ಎಂಬ ನಿಮ್ಮ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳೆಯ ಅಂಪೈರ್, ಟಿಳಕವಾಡಿ

ನವನಗರದ ಸಹೋದರರಿಗೆ ಒಂದು ಮಾತು ಹೇಳುವುದು ಉಳಿದಿತ್ತು. ದೀಪಗಳನ್ನು ಕೋರ್ಟಿನ ಹಿಂಬದಿಯಿಂದ ತೆಗೆಸಿ ಎರಡೂ ಪಕ್ಕದ ಗೆರೆಗಳ ಹೊರಗೆ, ಗೆರೆಗೆ ಸಮಾನಾಂತರವಾಗಿ ಉದ್ದಕ್ಕೆ ಹಾಕಿಸಿ. ಹೊಸ ದೀಪ ಕೊಳ್ಳಬೇಕಾಗಿಲ್ಲ, ತಂತಿ ಎಳೆಯುವ ಖರ್ಚಷ್ಟೇ. ಮಂಟಪದವರಿಗೂ ಮದುವೆಯ ದಿನ ಅದರಿಂದ ತೊಂದರೆಯಾಗುವುದಿಲ್ಲ. ಹಿಂಬದಿಯ ಗೋಡೆ ಬಿಳಿಯದಾಗಿದ್ದರೆ ಪಂದ್ಯದ ದಿನಗಳಲ್ಲಿ ಕಡು ಹಸಿರು ಬಟ್ಟೆ ಇಳಿಬಿಡಿ, ಬಿಳಿ ಗರಿಯ ಶಟಲ್ ಎದ್ದು ಕಾಣುತ್ತದೆ. ಕಲ್ಲು ನೆಲದ ಮೇಲೆ ಮಗಳನ್ನು ದಿನವೂ ಜಿಗಿಸಬೇಡಿ. ವಾರದಲ್ಲಿ ಕೆಲವು ದಿನ ಮೈದಾನದ ಮಣ್ಣಿನ ಮೇಲೆ ಹೆಜ್ಜೆಗಳ ಅಭ್ಯಾಸ ಮಾಡಿಸಿದರೆ ಸಾಕು. ಅವಳು ಬೆಳಗಾವಿಯಲ್ಲಿ ಆಡಲು ಬರುವಾಗ ತಿಳಿಸಿ. ಅಂದಿನ ಶಟಲ್ ಪರೀಕ್ಷೆಯನ್ನು ನಾನೇ ನಿಂತು ಮಾಡಿಸುತ್ತೇನೆ.